ಪಡಸಾಲೆಯ ಟಾಂಜಾನಿಯಾ

ನನ್ನ ದೂರು ಒಂದೇ: ನಾನು ವಿದೇಶಕ್ಕೆ ಹೊರಟೆನೆಂದು ಹೇಳಿದಾಗ ನನ್ನ ಹೆಂಡತಿ ಅಳಲಿಲ್ಲ. ಒಂದು ಹನಿಯೂ ಇಲ್ಲ. ಧಾರಾವಾಹಿಯಲ್ಲಿ ಯಾರದೋ ಅತ್ತೆಗೆ ಜ್ವರ ಬಂದರೆ ಸೆರಗು ಒದ್ದೆ ಮಾಡಿಕೊಳ್ಳುವ ಶಿವಕುಮಾರಿ, ಸ್ವಂತ ಗಂಡ ಆಫ್ರಿಕಾಕ್ಕೆ ಹೋಗುತ್ತಾನೆಂದರೆ, ಸೂಟ್‌ಕೇಸ್ ಸಿಂಧನೂರಿನಲ್ಲಿ ತರೋಣವೋ ಲಿಂಗಸುಗೂರಿನಲ್ಲಿ ತರೋಣವೋ ಎಂದು ಕೇಳಿದಳು.

ಹಟ್ಟಿಯ ಚಿನ್ನದ ಗಣಿಯಲ್ಲಿ ನಾನು ಫಿಟ್ಟರ್. ಟಾಂಜಾನಿಯಾದ ಗಣಿಯೊಂದರಿಂದ ಕೆಲಸಕ್ಕೆ ಕರೆ ಬಂದಿತ್ತು. ಆ ಹುಮ್ಮಸ್ಸಿನಲ್ಲಿ ಕ್ಯಾಂಟೀನಿನಲ್ಲಿ ನಿಂತು ಭಾಷಣವನ್ನೇ ಬಿಗಿದುಬಿಟ್ಟೆ. ಸಂಜೆಯ ಹೊತ್ತಿಗೆ ಹುಮ್ಮಸ್ಸೆಲ್ಲ ಇಳಿದುಹೋಯಿತು. ಮಸ್ಕಿಯ ಮಾವನ ಮನೆಯಲ್ಲೇ ಎರಡನೆಯ ದಿನ ನಿದ್ದೆ ಬಾರದ ಪ್ರಾಣಿ ನಾನು. ಹೋಗಲು ಮನಸ್ಸಿಲ್ಲ, ಹೋಗುವುದಿಲ್ಲ ಎನ್ನಲು ಮುಖವಿಲ್ಲ. ಆಗ ನನ್ನ ಘನ ಮೆದುಳಿನಲ್ಲಿ ಒಂದು ಉಪಾಯ ಹೊಳೆಯಿತು. ಶಿವಕುಮಾರಿ ಹೇಗೂ ಅಳುತ್ತಾಳೆ, ಬೇಡವೆನ್ನುತ್ತಾಳೆ. ನಾನು ಪತ್ನಿಗಾಗಿ ಒಂದು ಖಂಡವನ್ನೇ ತ್ಯಜಿಸಿದ ಮಹಾಪುರುಷನಾಗಿ ಇಲ್ಲೇ ಉಳಿಯುತ್ತೇನೆ. (ಈ ಉಪಾಯಕ್ಕೆ ಇನ್ನೊಂದು ಸಣ್ಣ ಬಾಲವಿದೆ. ಅದನ್ನು ಆಮೇಲೆ ಹೇಳುತ್ತೇನೆ, ಈಗ ನಾಚಿಕೆಯಾಗುತ್ತದೆ.)

ಆದರೆ ಶಿವಕುಮಾರಿ ಕಣ್ಣೊರೆಸುವ ಬದಲು ನನ್ನನ್ನು ಲಿಂಗಸುಗೂರಿನ ಬಸ್ಸು ಹತ್ತಿಸಿದಳು. ಅಲ್ಲಿ ಒಂದು ಮೊಬೈಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಗಂಗಾಧರ ಎಂಬಾತ ವಿದೇಶಕ್ಕೆ ಹೋಗುವವರಿಗೆ ಕೋಚಿಂಗ್ ಕೊಡುತ್ತಾನೆ. ಬಹಳ ಕಾಲ ಮಸ್ಕತ್ತಿನಲ್ಲಿ ದುಡಿದು ಬಂದವನು. ಸಾಹೇಬರು ಏನೇ ಹೇಳಲಿ, ಮೊದಲು ಹೂಂ ಅನ್ನಬೇಕು, ವಿಚಾರ ಮಾಡುವುದು ಆಮೇಲೆ ಎಂಬುದು ಅವನ ಮೊದಲ ಪಾಠ. ಈ ವಿಷಯದಲ್ಲಿ ನನಗೆ ಮದುವೆಯಾದಂದಿನಿಂದ ಅನುಭವವಿತ್ತು. ಎರಡನೆಯ ಪಾಠ ಮಾತ್ರ ಕುತ್ತಿಗೆಗೆ ಬಂತು. ಹೊರಡುವ ಮೊದಲು ಮನೆಯಲ್ಲೇ ರಿಹರ್ಸಲ್ ಆಗಬೇಕಂತೆ. ನಮ್ಮ ಕ್ವಾರ್ಟರ್ಸಿನ ಪಡಸಾಲೆ ಟಾಂಜಾನಿಯಾ, ಅಡುಗೆಮನೆಯ ಹೊಸ್ತಿಲಿನಿಂದಾಚೆ ಭಾರತ. ಪಡಸಾಲೆಯಲ್ಲೇ ನನ್ನ ಸ್ಟೌ, ನನ್ನ ಬಟ್ಟೆ, ನನ್ನ ಬಾಳು. ಹೆಂಡತಿಯೊಡನೆ ಮಾತು ದಿನಕ್ಕೊಮ್ಮೆ, ಅದೂ ವಿಡಿಯೋ ಕಾಲಿನಲ್ಲಿ. (ಬಚ್ಚಲು ಮಾತ್ರ ಎರಡೂ ದೇಶಗಳಿಗೆ ಸೇರಿದ ಅಂತರರಾಷ್ಟ್ರೀಯ ಜಲಪ್ರದೇಶ.)

ನನ್ನ ಮೊದಲ ರೊಟ್ಟಿ ಹಂಚಿಗೆ ಹತ್ತಿಕೊಂಡಿತು. ಗಣಿಯ ಅನುಭವವನ್ನೆಲ್ಲ ಧಾರೆಯೆರೆದು ಉಳಿ, ಸುತ್ತಿಗೆಯಿಂದ ಅದನ್ನು ಬಿಡಿಸುತ್ತಿದ್ದಾಗ ಭಾರತದ ಕಡೆಯಿಂದ ಎಣ್ಣೆಗಾಯಿಯ ಘಮ ಗಡಿ ದಾಟಿ ಬಂತು. ಜೊತೆಗೇ ಫೋನು ಹೊಡೆದುಕೊಂಡಿತು. ಗೋಡೆಯ ಆಚೆಯಿಂದ ಶಿವಕುಮಾರಿ, ತುಂಬಿದ ತಟ್ಟೆಯನ್ನು ಪರದೆಯ ಮೇಲೆ ತೋರಿಸುತ್ತ ನನ್ನ ಕ್ಷೇಮಸಮಾಚಾರ ಕೇಳಿದಳು. ಒಂದೇ ಒಂದು ಬದನೆಕಾಯಿ ಈ ಕಡೆ ಸರಿಸೆಂದು ಅಂಗಲಾಚಿದೆ.

"ಅಷ್ಟು ದೂರ ಪಾರ್ಸಲ್ ಮುಟ್ಟೂದ್ರಾಗ ಹಳಸ್ತೈತ್ರಿ" ಎಂದು ಕಾಲ್ ಕಟ್ ಮಾಡಿದಳು.

ಮರುದಿನ ಪಕ್ಕದ ಮೀರಾಬಿಯ ಮನೆಗೆ ಹಿತ್ತಲಿನಿಂದ ನುಗ್ಗಿದೆ. ಅವಳ ಗಂಡ ನಾಸೀರ್ ನನ್ನ ಶಿಫ್ಟಿನವನೇ, ನನ್ನ ಜೀವದ ಗೆಳೆಯ. ಮೀರಾಬಿ ಸೆರಗಿನಲ್ಲಿ ನಗು ಮುಚ್ಚಿಕೊಂಡು, ವೀಸಾ ಇಲ್ಲದವರಿಗೆ ಊಟ ಹಾಕಬಾರದೆಂದು ಭಾರತ ಸರ್ಕಾರದ ಆದೇಶವಾಗಿದೆ ಎಂದಳು. ಬಂದ ದಾರಿಗೆ ಸುಂಕವಿಲ್ಲವೆಂದು ಖಾಲಿ ಹೊಟ್ಟೆಯಲ್ಲಿ ಟಾಂಜಾನಿಯಾಕ್ಕೆ ಮರಳಿದೆ.

ಹೊಟ್ಟೆಯ ಸಂಕಟವಾದರೂ ತಡೆದೇನು. ಭಾರತದಲ್ಲಿ ನಾನಿಲ್ಲದ ಕೊರತೆ ಎಳ್ಳಷ್ಟೂ ಇರಲಿಲ್ಲ, ಅದನ್ನು ಹೇಗೆ ತಡೆಯಲಿ? ಮಸ್ಕಿಯಿಂದ ಅವಳ ತಂಗಿ ಬಂದಳು. ಇಬ್ಬರೂ ಮೀರಾಬಿಯನ್ನು ಕಟ್ಟಿಕೊಂಡು ಸಿಂಧನೂರಿಗೆ ಸೀರೆ ನೋಡಲು ಹೋದರು. ನನ್ನ ಮಂಚದ ಮೇಲೆ ಶಾವಿಗೆ ಒಣಗಿದವು. ಗೋಡೆಯ ಆಚೆ ನಗು ಕೇಳಿದಾಗಲೆಲ್ಲ ನನಗೆ ನಿಜವಾಗಿ ದುಃಖವಾಗುತ್ತಿತ್ತು.

ಕೊನೆಗೆ ಗಂಗಾಧರ ಪರೀಕ್ಷೆ ಮಾಡಲು ಮನೆಗೇ ಬಂದ. ನನ್ನ ರೊಟ್ಟಿಯನ್ನು ಮುಟ್ಟಿ ನೋಡಿ ಗೌರವದಿಂದ ಕೆಳಗಿಟ್ಟ. ಆಮೇಲೆ ಶಿವಕುಮಾರಿಯ ಕಡೆ ತಿರುಗಿ, ಗಂಡನಿಲ್ಲದ ಮನೆಗೆ ಇಷ್ಟು ಬೇಗ ಹೇಗೆ ಹೊಂದಿಕೊಂಡಿರಿ ಎಂದು ಕೇಳಿದ.

"ನನಗೇನು ಹೊಸದೇನ್ರಿ ಸರ? ಇವರು ರಾತ್ರಿ ಶಿಫ್ಟ್ ಇದ್ರ ಹಗಲೆಲ್ಲಾ ಮಲಗ್ತಾರ. ಹಗಲು ಶಿಫ್ಟ್ ಇದ್ರ ಬಂದು ಟೀವಿ ಮುಂದ ಮಲಗ್ತಾರ. ಲಗ್ನ ಆದಾಗಿಂದ ಫಾರಿನ್ನಾಗ ಅದಾರ."

ಗಂಗಾಧರ ಅವಳಿಗೆ ಪೂರ್ತಿ ಅಂಕ ಕೊಟ್ಟ. ಆ ಗಣಿಯಲ್ಲಿ ಹೆಂಗಸರಿಗೆ ಕೆಲಸವಿದ್ದರೆ ಇವರನ್ನೇ ಕಳಿಸಿ ಎಂದು ನನಗೆ ಸಲಹೆಯನ್ನೂ ಕೊಟ್ಟ. ನನ್ನ ಕಟ್ಟೆ ಒಡೆಯಿತು.

"ನಾ ಹೋಗಂಗಿಲ್ಲ" ಎಂದೆ. "ನನಗ ಅಂಜಿಕಿ ಬರಾಕತ್ತೈತಿ."

ಶಿವಕುಮಾರಿ ಹೊಸ್ತಿಲಿನ ಆಚೆಯೇ ನಿಂತು, ಸೊಂಟಕ್ಕೆ ಕೈಯಿಟ್ಟು ನನ್ನನ್ನು ನೋಡಿದಳು.

"ಇಷ್ಟು ಹೇಳಾಕ ಇಷ್ಟು ದಿನ ಬೇಕಾತೇನ್ರಿ? ನನಗ ಹೇಳೂದಕ್ಕಿಂತ ಮೊದಲ ಕ್ಯಾಂಟೀನ್‌ನಾಗ ಹೇಳಿ ಬಂದೀರಿ, ಮನಿಯಾಕಿ ಕಾಲು ಹಿಡಕೊಂಡು ಅಳಾಕತ್ತಾಳ, ಬಿಡವಲ್ಲಳು ಅಂತ. ನಾ ಅತ್ತದ್ದು ಮೀರಾಬಿ ಬಂದು ಹೇಳಿದ ಮ್ಯಾಲ ನನಗ ಗೊತ್ತಾತು."

(ಉಪಾಯದ ಬಾಲ ಇದೇ. ಹೇಗೂ ಅಳುವವಳು ಎಂದು ಸ್ವಲ್ಪ ಮುಂಗಡವಾಗಿ ಸುದ್ದಿ ಬಿಟ್ಟಿದ್ದೆ. ನಾಸೀರನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲವೆಂಬುದು ಮರೆತೇಹೋಗಿತ್ತು.)

ನನ್ನನ್ನು ಒಳಗೆ ಬಿಡಲು ಅವಳ ಷರತ್ತು ಒಂದೇ: ಸುಳ್ಳು ಹೇಳಿದಲ್ಲೇ ನಿಜವನ್ನೂ ಹೇಳಬೇಕು. ಮರುದಿನ ಅದೇ ಕ್ಯಾಂಟೀನಿನಲ್ಲಿ ನಿಂತು, ನನ್ನ ಹೆಂಡತಿ ಅಳಲಿಲ್ಲ, ಹೆದರಿದವನು ನಾನೇ ಎಂದು ಹೇಳಿದೆ. ನಾಸೀರನಿಗೆ ಚಹಾ ನೆತ್ತಿಗೇರಿತು.

ಇನ್ನು ಸ್ವದೇಶ ಪ್ರವೇಶವೆಂದು ಓಡೋಡಿ ಬಂದರೆ ಶಿವಕುಮಾರಿ ಹೊಸ್ತಿಲಲ್ಲೇ ತಡೆದಳು. ಹೊರದೇಶದಲ್ಲಿದ್ದು ಬಂದವರು ಒಮ್ಮೆಲೇ ಒಳಗೆ ಬರಬಾರದಂತೆ, ಮೆಲ್ಲಗೆ ಹೊಂದಿಕೊಳ್ಳಬೇಕಂತೆ, ಗಂಗಾಧರ ಸರ್ ಹೇಳಿದ್ದಾರಂತೆ. ಆದ್ದರಿಂದ ಇವತ್ತಿನ ಅಡುಗೆ ಟಾಂಜಾನಿಯಾದಲ್ಲೇ, ಇಬ್ಬರಿಗೂ.

ಬಾಯಿ ಮುಚ್ಚಿಕೊಂಡು ಎಣ್ಣೆಗಾಯಿ ಮಾಡಿದೆ. ಶಿವಕುಮಾರಿ ತಟ್ಟೆ ಹಿಡಿದು, ಯಾವ ವೀಸಾನೂ ಇಲ್ಲದೆ ಗಡಿ ದಾಟಿ ಬಂದು ನನ್ನೆದುರು ಕುಳಿತಳು. ಒಂದು ತುತ್ತು ಬಾಯಿಗಿಟ್ಟಳು. ನೋಡುತ್ತಿದ್ದಂತೆ ಅವಳ ಕಣ್ಣು ತುಂಬಿ, ಕೆನ್ನೆಯ ಮೇಲೆ ನೀರು ಇಳಿಯತೊಡಗಿತು. ನನ್ನ ಎದೆ ಉಬ್ಬಿತು. ಅಂತೂ ನನಗಾಗಿ ಕಣ್ಣೀರು ಹಾಕಿದೆಯಲ್ಲಾ ಎಂದು ಅವಳ ಕೈ ಹಿಡಿಯಹೋದೆ.

ಅವಳು ಒಂದು ಚೊಂಬು ನೀರು ಗಟಗಟ ಕುಡಿದು, ಸೆರಗಿನಿಂದ ಕಣ್ಣು ಮೂಗು ಒರೆಸಿಕೊಂಡಳು.

"ಇದನ್ನೂ ಹೋಗಿ ಕ್ಯಾಂಟೀನ್‌ನಾಗ ಹೇಳ್ರಿ. ಖಾರ ಎಷ್ಟು ಹಾಕಿದ್ರಿ ಅನ್ನೂದನ್ನೂ ಕೂಡಿಸಿ ಹೇಳ್ರಿ."