ಏಳನೇ ನಂಬರಿನ ಕಾರೂ ಕೆಂಚು ಕೋಳಿಯೂ

ಆ ದಿನ ಹಲ್ಲಿನ ಡಾಕ್ಟರಿಗೆ ಒದಗಿದ ಅಧ್ವಾನಕ್ಕೆಲ್ಲ ಮೂಲ ಒಂದು ಕೆಂಚು ಕೋಳಿ. ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಸಾಕಿದ ಆ ಕೋಳಿ ಬೆಳಿಗ್ಗೆ ಗೋಡೆ ಹಾರಿ ಬಂದು ಡಾಕ್ಟರ ಶೆಡ್ಡು ಹೊಕ್ಕಿತು. ಫಳಫಳ ಹೊಳೆಯುತ್ತಿದ್ದ ರೇಸ್ ಕಾರಿನ ಡ್ರೈವರ್ ಸೀಟಿನಲ್ಲಿ ಒಂದು ಮೊಟ್ಟೆಯಿಟ್ಟು, ಇನ್ನೇನು ಗಾಡಿ ಹೊರಡಿಸಬೇಕು ಎಂಬ ಗತ್ತಿನಲ್ಲಿ ಕೂತುಬಿಟ್ಟಿತು.

ಆ ಕಾರು ಡಾಕ್ಟರ ಮಾವನದು. ಹೆಂಡತಿಯ ಅಪ್ಪ ಪ್ರಾಯದಲ್ಲಿ ಏಳನೇ ನಂಬರು ಬಳಿದ ಅದನ್ನು ಓಡಿಸಿ ಕಪ್ ಗೆದ್ದವರು. ಅವರು ತೀರಿಕೊಳ್ಳುವ ಹೊತ್ತಿಗೆ ಅದು ತುಕ್ಕಿನ ಗುಡ್ಡೆಯಾಗಿತ್ತು. ಡಾಕ್ಟರು ಅದನ್ನು ಮನೆಗೆ ತಂದು, ರಜೆಯೆಂದರೆ ಶೆಡ್ಡೇ ಎನ್ನುವಂತೆ ವರ್ಷಗಟ್ಟಲೆ ದುರಸ್ತಿ ಮಾಡಿದ್ದರು. ಆ ದಿನ ಸಂಜೆ ಊರಿನಲ್ಲಿ ಹಳೇ ಕಾರುಗಳ ಸಂಘದ ಮೆರವಣಿಗೆಯಿತ್ತು.

"ಅದು ಅಪ್ಪನ ಕಾರೇ ಅಂತ ಸಂಘದವರು ಬರೆದುಕೊಟ್ರೆ ನಿಮ್ಮ ಪಕ್ಕ ಕೂತು ಬರ್ತೀನಿ. ಇಲ್ಲಾಂದ್ರೆ ನೀವೊಬ್ರೇ ಹೋಗಿ," ಎಂದಿದ್ದಳು ಹೆಂಡತಿ. ಅಪ್ಪನಿಂದಲೇ ಡ್ರೈವಿಂಗ್ ಕಲಿತವಳು ಆಕೆ. ಗಂಡ ಗೇರು ಬದಲಿಸುವುದನ್ನು ನೋಡಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಒಂದು ಸಂಜೆಯಾದರೂ ಅವಳು ಪಕ್ಕದಲ್ಲಿ ಕೂತು ತನ್ನನ್ನು ಮೆಚ್ಚಿ ನೋಡಲಿ ಎಂಬುದೇ ಡಾಕ್ಟರ ಇಷ್ಟು ವರ್ಷದ ತಪಸ್ಸಿನ ಗುಟ್ಟು.

ಕೋಳಿಯನ್ನು ಕಂಕುಳಲ್ಲಿ ಒತ್ತಿಕೊಂಡು, ಮೊಟ್ಟೆ ಹಿಡಿದು ಡಾಕ್ಟರು ತಿರುಗುವಷ್ಟರಲ್ಲಿ ಸಂಘದ ಪರೀಕ್ಷಕರು ಭೂತಗನ್ನಡಿ ಸಮೇತ ಬಾಗಿಲಲ್ಲಿ ನಿಂತಿದ್ದರು. ಕೋಳಿಯನ್ನು ನೋಡಿಯೂ ನೋಡದವರಂತೆ ಕಾರಿನ ಕೆಳಗೆ ತೂರಿದರು.

"ತಳದ ಚಾಸಿ ಹಳೇದಾ?"

"ತುಕ್ಕು ತಿಂದಿತ್ತು ಸಾರ್. ಕಿತ್ತು ಹೊಸದು ಹಾಕಿದೆ."

"ಎಂಜಿನ್ನು?"

"ಬಿರುಕು ಬಿಟ್ಟಿತ್ತು. ಅದನ್ನೂ ಕಿತ್ತೆ."

"ಬಾಗಿಲು, ಬಾನೆಟ್ಟು, ಸ್ಟಿಯರಿಂಗು?"

"ಕಿತ್ತೆ, ಕಿತ್ತೆ, ಕಿತ್ತೆ."

ಹುಳುಕು ಕಂಡರೆ ಕೀಳದೆ ಬಿಡುವುದು ಡಾಕ್ಟರ ಜಾಯಮಾನವಲ್ಲ. ಅವರ ಕುರ್ಚಿಯಲ್ಲಿ ಕೂತವರು ಯಾರೂ ಬಂದಷ್ಟೇ ಹಲ್ಲಿನೊಂದಿಗೆ ಎದ್ದು ಹೋದದ್ದಿಲ್ಲ. ಕಾರಿಗೂ ಅದೇ ಚಿಕಿತ್ಸೆ ಆಗಿತ್ತು.

"ಹಾಗಾದ್ರೆ ಹಳೇದು ಅಂತ ಏನು ಉಳಿದಿದೆ?"

ಡಾಕ್ಟರು ಯೋಚಿಸಿ ಹಾರನ್ ಒತ್ತಿದರು. ಪೋಂ ಎಂದಿತು. "ಹಾರನ್ನೂ ಹೊಸದೇ. ಆದ್ರೆ ಸದ್ದು ಹಳೇದು ಸಾರ್. ಮಾವ ಒತ್ತಿದಾಗಲೂ ಹಿಂಗೇ ಕೂಗ್ತಿತ್ತು."

ಪರೀಕ್ಷಕರು ತಲೆಯಾಡಿಸಿದರು. ಡಾಕ್ಟರು ಬಿಡಲಿಲ್ಲ. "ಒಂದೇ ಸಲ ಬದಲಾಯಿಸಿದ್ದಲ್ಲ, ಒಂದೊಂದಾಗಿ. ಹಲ್ಲು ಕಟ್ಟಿಸಿಕೊಂಡ ಮಾತ್ರಕ್ಕೆ ಮನುಷ್ಯ ಬೇರೆ ಆಗ್ತಾನಾ? ಬಾಯಿ ಅದೇ ಅಲ್ವಾ?"

"ನೀವು ಬಾಯೀನೂ ಕಿತ್ತಿದ್ದೀರಲ್ರೀ!"

"ನಿಮ್ಮ ಬಾಯಲ್ಲಿರೋದು ನಾನೇ ಕಟ್ಟಿದ ಸೆಟ್ಟು. ಈಗ ಮಾತಾಡ್ತಿರೋದು ನೀವಾ, ನಾನಾ?"

ಪರೀಕ್ಷಕರು ಗಕ್ಕನೆ ಬಾಯಿ ಮುಚ್ಚಿದರು. ಆಮೇಲೆ ತುಟಿ ಜಾಸ್ತಿ ತೆರೆಯದೆ ಕೇಳಿದರು. "ಕಿತ್ತಿದ್ದನ್ನೆಲ್ಲ ಏನು ಮಾಡಿದ್ರಿ?"

"ಹಿತ್ತಲ ಗೋಡೆ ಆಚೆ ಎಸೆದೆ."

ಅದೇ ಗೋಡೆಯ ಮೇಲೆ ಆಗ ಪೋಸ್ಟ್‌ಮಾಸ್ಟರ ಬೋಳುತಲೆ ಮೂಡಿತು. "ಡಾಕ್ಟ್ರೇ, ನಮ್ಮ ಕೋಳಿ ಬಂತಾ? ಓಹೋ, ಮೊಟ್ಟೇನೂ ಇದೆ. ಕೊಡಿ ಇಲ್ಲಿ."

"ಕೋಳಿ ತಗೊಳ್ಳಿ. ನನ್ನ ಕಾರಿನಲ್ಲಿ ಇಟ್ಟ ಮೊಟ್ಟೆ ನನ್ನದು."

"ಬಸ್ಸಲ್ಲಿ ಹೆತ್ತರೆ ಮಗು ಕಂಡಕ್ಟರದ್ದಾಗುತ್ತೇನ್ರೀ?"

"ತಾಳಿ," ಎಂದು ಪರೀಕ್ಷಕರು ಮೊಟ್ಟೆಯನ್ನು ಭೂತಗನ್ನಡಿಯಲ್ಲಿ ನೋಡಿದರು. "ಮೂಲ ನೋಡದೆ ಯಾವುದನ್ನೂ ಇಂಥವರದು ಅಂತ ನಾನು ಹೇಳೋನಲ್ಲ. ನಡೀರಿ, ಗೂಡು ತೋರಿಸಿ."

ಗೂಡಿನ ಮುಂದೆ ಪರೀಕ್ಷಕರು ನಿಂತಲ್ಲೇ ಕಲ್ಲಾದರು. ಇಟ್ಟಿಗೆಗಳ ಮೇಲೆ ತುಕ್ಕು ಹಿಡಿದ ಚಾಸಿ. ಅದರ ಮೇಲೆ ಬಾನೆಟ್ಟಿನ ಚಾವಣಿ. ಬಿರುಕುಬಿಟ್ಟ ಎಂಜಿನ್ನಿನ ಮೇಲೆ ನೀರಿನ ಬಟ್ಟಲು. ಸ್ಟಿಯರಿಂಗಿನ ಮೇಲೆ ಒಂದು ಹುಂಜ. ಬಾಗಿಲಿನ ಮೇಲೆ, ಕೊಳೆಯ ನಡುವೆ, ಮಾಸಿದ ಏಳು.

"ಇವರು ಎಸೆದ್ರು, ನಾನು ಎತ್ತಿಟ್ಟೆ," ಎಂದರು ಪೋಸ್ಟ್‌ಮಾಸ್ಟರು. "ಜೋಡಿಸ್ತಾ ಹೋದೆ, ಒಂದಕ್ಕೊಂದು ಕಚ್ಕೊಂಡು ಕೂತವು. ಇಷ್ಟು ಚೆನ್ನಾಗಿ ಕೂರೋ ಗೂಡು ನಾನು ನೋಡಿರಲಿಲ್ಲ." ಕೆಂಚು ಕೋಳಿ ಡಾಕ್ಟರ ಕಂಕುಳಿಂದ ಹಾರಿ, ಒಳಗಿನ ಸೀಟಿನಲ್ಲಿದ್ದ ತನ್ನ ಮೊಟ್ಟೆಗಳ ಮೇಲೆ ಹೋಗಿ ಕೂತಿತು.

ಪರೀಕ್ಷಕರು ಮಂಡಿಯೂರಿ ಚಾಸಿಯ ಮೇಲಿನ ಹಿಕ್ಕೆ ಕೆರೆದು ನಂಬರು ಓದಿದರು. ಅವರ ಕಣ್ಣಲ್ಲಿ ನೀರು. "ಇದೇ! ಇದೇ ಆ ಕಾರು!"

ಗಲಾಟೆ ಕೇಳಿ ಡಾಕ್ಟರ ಹೆಂಡತಿಯೂ ಬಂದಳು. ಗೂಡಿನೊಳಗೆ ಬಗ್ಗಿ ನೋಡಿದಳು. ಹರಿದ ಚರ್ಮದ ಸೀಟಿನ ಅಂಚಿನಲ್ಲಿ, ಅಪ್ಪ ಸಿಗರೇಟಿನಿಂದ ಸುಟ್ಟಿದ್ದ ತೂತಿನ ಮೇಲೆ ಕೈಯಾಡಿಸಿ ಅತ್ತುಬಿಟ್ಟಳು. "ಅಪ್ಪ ನನ್ನನ್ನ ತೊಡೆ ಮೇಲೆ ಕೂರಿಸಿಕೊಳ್ತಿದ್ದ ಸೀಟು ಕಣ್ರೀ. ಇದನ್ನ ಎಸೆಯೋಕೆ ನಿಮಗೆ ಮನಸ್ಸಾದ್ರೂ ಹೇಗೆ ಬಂತು?"

ಅವಳು ಅಳುವುದನ್ನು ನೋಡಲಾಗದೆ ಡಾಕ್ಟರು ಪೋಸ್ಟ್‌ಮಾಸ್ಟರ ಕೈ ಹಿಡಿದುಕೊಂಡರು. "ಈ ಗೂಡು ನನಗೆ ಕೊಡಿ. ಏನು ಬೇಕೋ ಕೇಳಿ."

ಪೋಸ್ಟ್‌ಮಾಸ್ಟರು ಗಲ್ಲ ಕೆರೆದರು. "ಏನು ಕೇಳಲಿ... ನಿಮ್ಮ ಆ ಡೂಪ್ಲಿಕೇಟು ಕಾರು ಕೊಡಿ."

ಹಿಂದೆಮುಂದೆ ನೋಡದೆ ಡಾಕ್ಟರು ಕೀಲಿಕೈ ಕೊಟ್ಟುಬಿಟ್ಟರು. ಪರೀಕ್ಷಕರು ಗೂಡಿಗೆ ಪ್ರಮಾಣಪತ್ರ ಬರೆದರು. "ಇದ್ದದ್ದು ಇದ್ದ ಹಾಗೇ ಇರ್ಬೇಕು. ಒಂದು ಮೊಳೆ ಕಿತ್ರೂ ಅಸಲಿ ಅಲ್ಲ. ಕೋಳಿಗಳೂ ಇಲ್ಲೇ ಇರ್ಲಿ."

"ಹಾಗಾದ್ರೆ ಮೊಟ್ಟೇನೂ ಡಾಕ್ಟ್ರದೇ," ಎಂದರು ಪೋಸ್ಟ್‌ಮಾಸ್ಟರು ಧಾರಾಳವಾಗಿ.

"ಸಂಜೆ ಮೆರವಣಿಗೆಗೆ ಇದನ್ನ ತಳ್ಳಿಕೊಂಡು ಬರಬಹುದಾ ಸಾರ್?" ಎಂದರು ಡಾಕ್ಟರು.

"ಆಗಲ್ಲ. ತಾನಾಗೇ ಓಡ್ಬೇಕು."

"ರಿಪೇರಿ ಮಾಡಿದ್ರೆ?"

"ಮೊಳೆ ವಿಷಯ ಈಗ ತಾನೇ ಹೇಳಿದ್ನಲ್ಲ. ಬೇಕಿದ್ರೆ ಆ ಹೊಸದು ಬರಲಿ. ಕೊನೇಲಿ ಡೂಪ್ಲಿಕೇಟುಗಳಿಗೂ ಒಂದು ಸಾಲು ಇಟ್ಟಿದ್ದೀವಿ."

"ಅದನ್ನ ಮೊದಲೇ ಹೇಳೋದಲ್ವಾ!"

"ನೀವು ಕೇಳ್ಲಿಲ್ಲ," ಎಂದರು ಪರೀಕ್ಷಕರು, ಡಾಕ್ಟರೇ ಕಟ್ಟಿಕೊಟ್ಟ ಹಲ್ಲು ಅಷ್ಟೂ ಕಾಣುವಂತೆ ನಗುತ್ತ.

ಪೋಸ್ಟ್‌ಮಾಸ್ಟರು ಕೀಲಿಕೈಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ನನಗೆ ಸೈಕಲ್ ಬಿಟ್ರೆ ಇನ್ನೇನೂ ಓಡಿಸೋಕೆ ಬರಲ್ಲ. ನೀವು ಓಡಿಸ್ತೀರೇನಮ್ಮಾ?"

ಡಾಕ್ಟರ ಹೆಂಡತಿ ಕಣ್ಣೊರೆಸಿಕೊಂಡಳು. ಒಳಗೆ ಹೋಗಿ ಗಂಡನದೇ ಸ್ಪ್ಯಾನರು ತಂದಳು. ಕೆಂಚು ಕೋಳಿಯನ್ನೂ ಅದರ ಮೊಟ್ಟೆಗಳನ್ನೂ ಮೆಲ್ಲಗೆ ಕೆಳಗಿಳಿಸಿ, ಅಪ್ಪನ ಸೀಟನ್ನು ಬಿಚ್ಚಿ ಹೊಸ ಕಾರಿಗೆ ಕೂರಿಸಿದಳು. "ಅಪ್ಪನ ಸೀಟಲ್ಲಿ ಕೂತ್ರೆ ಅಪ್ಪನ ಕಾರೇ."

"ಅದೂ ನಿಜಾನೇ," ಎಂದರು ಪರೀಕ್ಷಕರು. "ಈಗ ಇದರಲ್ಲಿ ಒಂದಾದ್ರೂ ಅಸಲಿ ಇದೆ." ಡಾಕ್ಟರ ಕೈಯಿಂದ ಪ್ರಮಾಣಪತ್ರ ತೆಗೆದುಕೊಂಡು ನಾಲ್ಕು ಚೂರು ಮಾಡಿದರು. "ಗೂಡಿನಲ್ಲಿ ಈಗ ಸೀಟಿಲ್ಲ. ಮಾತು ಮಾತೇ."

ಸಂಜೆ ಹೆಂಡತಿ ಕಾರು ಹೊರಡಿಸಿದಳು. ಗೇರು ಬೆಣ್ಣೆಯಿಂದ ಕೂದಲು ಎಳೆದಂತೆ ಬಿತ್ತು. ಪಕ್ಕದ ಸೀಟಿನಲ್ಲಿ ಪೋಸ್ಟ್‌ಮಾಸ್ಟರು ಹಾರನ್ನಿಗೆ ಕೈಯಿಟ್ಟು ಮದುಮಗನ ಹಾಗೆ ಕೂತಿದ್ದರು.

"ರೀ," ಎಂದಳು ಅವಳು ಗೇಟಿನಲ್ಲಿ ನಿಲ್ಲಿಸಿ. "ಎಷ್ಟು ಚೆನ್ನಾಗಿ ಮಾಡಿದ್ದೀರ ಕಣ್ರೀ ಕಾರನ್ನ!" ಇಷ್ಟು ವರ್ಷ ಡಾಕ್ಟರು ಕಾದಿದ್ದ ನೋಟ ಅವಳ ಕಣ್ಣಲ್ಲಿತ್ತು. "ಆ ಕೋಳಿ ಕಾವಿಗೆ ಕೂತಿದೆ. ಸೀಟಿಲ್ದೆ ಮೊಟ್ಟೆ ತಣ್ಣಗಾಗುತ್ತೆ. ನಾವು ಬರೋವರೆಗೂ ಸ್ವಲ್ಪ ತೊಡೆ ಮೇಲೆ ಇಟ್ಕೊಂಡಿರಿ."

ಡಾಕ್ಟರು ಬಗ್ಗಿ ಗೂಡು ಹೊಕ್ಕು, ಸೀಟಿದ್ದ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ಮಡಿಲಲ್ಲಿ ಮೊಟ್ಟೆಗಳು, ಅವುಗಳ ಮೇಲೆ ಕೋಳಿ, ಮೂಗಿನ ನೇರಕ್ಕೆ ಹುಂಜ ಕೂತ ಸ್ಟಿಯರಿಂಗು. ದೂರದ ಬೀದಿಯಿಂದ ಪೋಂ ಎಂದು ಕೇಳಿಸಿತು.

"ಕೇಳಿದ್ಯಾ?" ಎಂದರು ಕೋಳಿಗೆ. "ಸದ್ದು ಹಳೇದೇ."

ಕೋಳಿ ಅವರ ಹೆಬ್ಬೆರಳನ್ನು ಕುಕ್ಕಿ, ಅಲ್ಲಾಡಬೇಡಿ ಎಂಬಂತೆ ಇನ್ನಷ್ಟು ಒತ್ತಿ ಕೂತಿತು.