ತಳ ಹಿಡಿದ ಕೆಸರು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ನಾಲಿಗೆಗೆ ಕೆಸರು ಮೆತ್ತಲಿ. ಎಲ್ಲ ಕಣ್ಣಾರೆ ಕಂಡದ್ದು. ಎದ್ದು ಹೋಗದೆ ಕೇಳಿ.

ಎಣ್ಣೆಬಾವಿ ಕೊರೆಯುವಾಗ ಒಳಗೆ ಕೆಸರು ಇಳಿಸುತ್ತಾರೆ. ಐದು ಕಿಲೋಮೀಟರ್ ಕೆಳಗೆ ಕುಲುಮೆಯಂಥ ಬಿಸಿ, ಮೇಲೆ ನುಗ್ಗಲು ಹೊಂಚು ಹಾಕಿದ ಅನಿಲ. ಅದನ್ನು ಅದುಮಿಡಲು ಕೆಸರಿಗೆ ಭಾರವಾದ ಕಲ್ಲುಪುಡಿ ಬೆರೆಸಬೇಕು. ಕೆಸರು ಹರಿಸುವ ಪಂಪು ನಿಂತರೆ ಸಾಕು, ಆ ಪುಡಿ ಸರ್ಕಾರಿ ಕಡತದ ಹಾಗೆ ತಳಕ್ಕೆ ಹೋಗಿ ಕೂರುತ್ತದೆ. ಕೂರದಂತೆ ತಡೆಯುವ ಗೋಂದು ಕಂಡುಹಿಡಿಯುವುದೇ ಎಣ್ಣೆ ಕಂಪನಿಯ ಲ್ಯಾಬಿನಲ್ಲಿ ಒಬ್ಬನ ಕೆಲಸ. ಹದಿನಾರು ವರ್ಷದಲ್ಲಿ ಅವನ ಗೋಂದು ಹಿಡಿದು ನಿಲ್ಲಿಸಿದ್ದು ಅವನನ್ನು ಮಾತ್ರ, ಅದೂ ಕುರ್ಚಿಗೆ. ಎಲ್ಲರೂ ಅವನನ್ನು ಗೋಂದಣ್ಣ ಅನ್ನುತ್ತಿದ್ದರು.

ಲ್ಯಾಬಿನ ಸಾಹೇಬರಿಗೆ ಕೆಸರಿನ ಬಗ್ಗೆ ಗೊತ್ತಿದ್ದದ್ದು ಒಂದೇ: ಅದು ಬೂಟಿಗೆ ಹತ್ತಬಾರದು. ಆ ದಿನ ಬೆಳಿಗ್ಗೆ ಬಂದವರೇ, “ಏನಯ್ಯಾ, ಹೊಸ ಗೋಂದು ಹಾಕಿ ಓವನ್ನಲ್ಲಿಡು. ಸಂಜೆ ಐದಕ್ಕೆ ಮೇಲಿನದು, ಕೆಳಗಿನದು ನಾನೇ ತೂಗಿ ನೋಡ್ತೀನಿ. ಪುಡಿ ಕೆಳಗೆ ಕೂತಿದ್ರೆ ನಾಳೆಯಿಂದ ನಿನಗೆ ಬಾವಿ ಹತ್ರ ಡೇರೆ” ಅಂದರು.

ಡೇರೆಯಲ್ಲಿ ಧೂಳು, ಬಿಸಿಲು, ಹಗಲೂ ರಾತ್ರಿ ಇಂಜಿನ್ನಿನ ಗುಡುಗು. ಎಲ್ಲಕ್ಕಿಂತ ದೊಡ್ಡ ಕಷ್ಟ, ಅಲ್ಲಿ ಕೆಲಸವನ್ನೂ ಮಾಡಬೇಕು.

ಎರಡೂ ತುದಿಗೆ ಒಂದೇ ಥರದ ಮುಚ್ಚಳವಿದ್ದ ಉಕ್ಕಿನ ಕೊಳವೆಗೆ ಗೋಂದಣ್ಣ ಕೆಸರು ತುಂಬಿ, ಬಾವಿಯೊಳಗಿನಂಥ ಬಿಸಿ ತಾಗಲೆಂದು ಓವನ್ನಿನಲ್ಲಿ ನೆಟ್ಟಗೆ ನಿಲ್ಲಿಸಿದ. ಸಂಜೆವರೆಗೆ ಅದು ಅಲುಗಬಾರದು.

ಹತ್ತು ಗಂಟೆಗೆ ಟೈಪಿಸ್ಟ್ ಅಕ್ಕ ಬಂದು ಓವನ್ನಿನ ಬಾಗಿಲಿಗೆ ಕೈ ಹಾಕಿದಳು.

“ಮುಟ್ಟಬೇಡಿ ಅಕ್ಕಾ!”

“ಸ್ವಲ್ಪ ಕಲಕಿದ್ರೆ ನಿನ್ನ ಗಂಟೇನು ಹೋಗತ್ತೆ? ಕಲಕದೆ ಇಟ್ಟಿದ್ದು ತಳ ಹಿಡಿಯದೆ ಇರತ್ತಾ?”

“ಹಿಡಿಯತ್ತೋ ಇಲ್ವೋ ಅಂತ ನೋಡೋದೇ ಪರೀಕ್ಷೆ!”

“ನನಗೆ ಗೊತ್ತಿರೋದನ್ನ ಪರೀಕ್ಷೆ ಮಾಡೋಕೆ ನಿನಗೆ ಸಂಬಳ ಬೇರೆ” ಎಂದು ಮೂಗು ಮುರಿದು ಹೋದಳು.

ಪುಡಿ ಕೂರುವ ಸದ್ದು ಕೇಳಬಹುದೆಂದು ಮೂರು ಗಂಟೆಗೆ ಗೋಂದಣ್ಣ ಓವನ್ ತೆಗೆದು ಕೊಳವೆಗೆ ಕಿವಿಯಿಟ್ಟ. ಅಂಥ ಬುದ್ಧಿ. ಕಿವಿ ಹಪ್ಪಳವಾಯಿತು. “ಅಯ್ಯಪ್ಪೋ!” ಎಂದು ನಲ್ಲಿಗೆ ಓಡಿದ.

ಅಷ್ಟರಲ್ಲಿ ಸ್ಟೋರಿನಿಂದ ಅವನ ಭಾವ ಬಂದ. ಗೋಂದಣ್ಣನ ಹೆಂಡತಿಯ ಅಣ್ಣ. ಉಪಕಾರ ಮಾಡದೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ. ಓವನ್ನಿನ ಕೈಗವಸು ಹಾಕಿಕೊಂಡು ಏನೋ ಮಾಡಿ ಸದ್ದಿಲ್ಲದೆ ಹೋದ.

ಐದಕ್ಕೆ ಸಾಹೇಬರು ಬಂದರು, ಹಿಂದೆಯೇ ಅಕ್ಕ, ಅವಳ ಹಿಂದೆ ಭಾವ. ನಿಲ್ಲಿಸಿದ್ದ ಹಾಗೇ ಕೊಳವೆಯನ್ನು ತಣ್ಣಗೆ ಮಾಡುವಾಗ ಭಾವ ಗೋಂದಣ್ಣನ ಸುಡುಗಿವಿಯಲ್ಲಿ ಉಸುರಿದ: “ಹೆದರಬೇಡಿ ಭಾವಾ. ತಲೆಕೆಳಗು ಮಾಡಿಟ್ಟಿದೀನಿ. ಕೂತಿದ್ದೆಲ್ಲ ವಾಪಸ್ ಇಳಿದಿರತ್ತೆ.”

ಗೋಂದಣ್ಣನಿಗೆ ಗೊತ್ತಿತ್ತು: ತಳ ಹಿಡಿದದ್ದು ಅಷ್ಟರಲ್ಲೇ ಗಾರೆಯಾಗಿತ್ತು. ಗಾರೆ ಎಲ್ಲಿ ಇಳಿಯುತ್ತದೆ?

ಸಾಹೇಬರು ಮೇಲಿನಿಂದ ಕೆರೆದು ಒಂದು ಲೋಟ, ಕೆಳಗಿನಿಂದ ಒಂದು ಲೋಟ ತೂಗಿದರು. ಕನ್ನಡಕ ಒರೆಸಿ ಮತ್ತೆ ತೂಗಿದರು. ಮೇಲಿನದು ಭಾರ, ಕೆಳಗಿನದು ಪಾತ್ರೆ ತೊಳೆದ ನೀರು.

“ಕೆಳಗೆ ಕೂರೋದಿರಲಿ, ಪುಡಿ ಮೇಲಕ್ಕೇ ಹತ್ತಿದೆಯಲ್ಲಯ್ಯಾ! ಭೂಮಿ ಎಳೆದ್ರೂ ಬಗ್ಗದ ಗೋಂದು!” ಸಾಹೇಬರು ಅವನ ಬೆನ್ನು ತಟ್ಟಿದರು. ಅಕ್ಕ ಚಪ್ಪಾಳೆ ತಟ್ಟಿದಳು. ಗೋಂದಣ್ಣ ಹಲ್ಲು ಕಿರಿದ.

“ಇಂಥಾ ಕೈ ಲ್ಯಾಬಲ್ಲಿ ಕೊಳೀಬಾರದು. ಬಾವಿ ಹತ್ರಾನೇ ಇರಬೇಕು. ನಾಳೆ ಆರಕ್ಕೆ ಜೀಪು ಬರತ್ತೆ.”

ಕಿರಿದ ಹಲ್ಲು ಹಾಗೇ ನಿಂತಿತು. “ಸಾರ್! ತಪ್ಪಾಯ್ತು ಸಾರ್! ಕೊಳವೆ ತಲೆಕೆಳಗಾಗಿತ್ತು. ಪುಡಿ ಕೂತಿದೆ ಸಾರ್, ಕಲ್ಲಾಗಿ ಕೂತಿದೆ!”

ಸಾಹೇಬರು ಕೊಳವೆ ನೋಡಿದರು, ಲೋಟ ನೋಡಿದರು, ಕೊನೆಗೆ ತಮ್ಮ ಬೂಟು ನೋಡಿಕೊಂಡರು. “ಹಾಗಾದ್ರೆ ಬೆಳಿಗ್ಗೆ ಹೇಳಿದ ಮಾತೇ. ನಾಳೆ ಆರಕ್ಕೆ ಜೀಪು.”

ಈಗ ಡೇರೆಯಲ್ಲಿ ಅವನು ಮಲಗುವಾಗ ಗಂಟೆಗೊಮ್ಮೆ ತಲೆ ಕಾಲು ಅದಲುಬದಲು ಮಾಡುತ್ತಾನಂತೆ, ಮಿದುಳು ತಳ ಹಿಡಿಯದಿರಲಿ ಎಂದು. ಅರೆ, ಎದ್ದಿರಾ? ಉಪಕಾರ ಮಾಡಿದ ಆ ಭಾವ ಯಾರು ಅಂತಾದರೂ ಕೇಳಿ ಹೋಗಿ ಸ್ವಾಮೀ, ಅದು ಬೇರೆ ಯಾರೂ ಅಲ್ಲ, ನಾ—