ರಜೆ ಹಾಕದೆ ಹಡಗು ಹತ್ತಿದವನು

ಇಡೀ ವಾರ ರಜೆ ಹಾಕಿದವನ ಹೆಸರು ಲೇಆಫ್ ಪಟ್ಟಿಗೆ ಸೇರುತ್ತದೆ ಎಂದು ನಮ್ಮ ಆಫೀಸಿನಲ್ಲಿ ಆಗ ಎಲ್ಲರೂ ನಂಬಿದ್ದರು.

ನಮ್ಮದು ಸಾಂಟಾ ಕ್ಲಾರಾದ ಒಂದು ಚಿಪ್ ಕಂಪನಿ. ಅಲ್ಲಿ ಕಲ್ಲೆಸೆದರೆ ಡಾಕ್ಟರೇಟ್ ಆದವರಿಗೇ ಬೀಳುತ್ತದೆ. ಆದರೂ ನಂಬಿದ್ದರು. ಆಧಾರವಾಗಿ ಎರಡು ಉದಾಹರಣೆಗಳಿದ್ದವು. ಒಬ್ಬ ತಂಗಿಯ ಮದುವೆಗೆ ಹೋಗಿ ಬಂದಾಗ ಅವನ ಬ್ಯಾಡ್ಜಿಗೆ ಬಾಗಿಲು ತೆರೆಯಲಿಲ್ಲ. ಇನ್ನೊಬ್ಬಳಿಗೆ ಹವಾಯಿಯ ಸಮುದ್ರದ ದಂಡೆಯಲ್ಲಿ ಮಲಗಿದ್ದಾಗಲೇ ಫೋನು ಬಂತು. ಎರಡು ಉದಾಹರಣೆ ಸಿಕ್ಕರೆ ನಮ್ಮಲ್ಲಿ ಅದು ಸಿದ್ಧಾಂತ. ಹೀಗೆ ನಂಬುವ ಜನರ ನಡುವೆ ಬದುಕಿದರೆ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ಪಕ್ಕದ ಕುರ್ಚಿಯಲ್ಲಿ ಬಂದು ಕೂರುತ್ತವೆ. ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದವನು ಮಂಡ್ಯದ ಗೆಳೆಯ.

ಅಡುಗೆಮನೆ ರಿಪೇರಿ

ನನ್ನ ಹೆಂಡತಿ ಮತ್ತು ಅವನ ಹೆಂಡತಿ ಸೇರಿ ಮೆಡಿಟರೇನಿಯನ್ ಸಮುದ್ರದಲ್ಲಿ ಏಳು ದಿನದ ಹಡಗು ಪ್ರವಾಸಕ್ಕೆ ಟಿಕೆಟ್ ಕೊಂಡರು. ಬಾರ್ಸಿಲೋನಾದಲ್ಲಿ ಹತ್ತಿ, ಫ್ರಾನ್ಸು ಇಟಲಿ ಎಲ್ಲ ಸುತ್ತಿ, ಮತ್ತೆ ಬಾರ್ಸಿಲೋನಾದಲ್ಲೇ ಇಳಿಯುವುದು. ಹಣ ವಾಪಸ್ ಕೊಡದ ಟಿಕೆಟ್ಟು. ಗಂಡಂದಿರಿಗೆ ಆಮೇಲೆ ತಿಳಿಸಿದರು.

ನಾನು ಮ್ಯಾನೇಜರಿಗೆ ಹೇಳಿ ರಜೆ ಹಾಕಿದೆ. ಆಕೆ "ಮಜಾ ಮಾಡು" ಎಂದಳು. ಗೆಳೆಯನ ಮುಖ ಬಿಳಿಚಿಕೊಂಡಿತು.

"ನೀನೂ ಹಾಕೋ" ಎಂದೆ.

"ನಿಂಗೇನಪ್ಪ, ನೀನು ಸಿಟಿಜನ್ನು. ನಾನು ಗ್ರೀನ್ ಕಾರ್ಡಿನ ಕ್ಯೂನಲ್ಲಿ ಹನ್ನೊಂದನೇ ವರ್ಷ ನಿಂತಿದೀನಿ. ಕೆಲಸ ಹೋದ್ರೆ ಅರವತ್ತು ದಿನ. ಅಷ್ಟರೊಳಗೆ ಇನ್ನೊಂದು ಸಿಕ್ಕಲಿಲ್ಲ ಅಂದ್ರೆ ಮನೆ, ಮಕ್ಕಳ ಸ್ಕೂಲು, ಎಲ್ಲಾ ಮಡಚಿಕೊಂಡು ಹೊರಡೋದೇ."

ಅವನು ಹೇಳಿದ್ದು ನಿಜ. ನನ್ನ ಧೈರ್ಯಕ್ಕೆ ಕಾರಣ ವಿಚಾರವಾದವಲ್ಲ, ಪಾಸ್‌ಪೋರ್ಟು.

ಮಾರನೇ ದಿನ ಅವನು ಉಪಾಯದೊಂದಿಗೆ ಬಂದ. ರಜೆ ಹಾಕುವುದಿಲ್ಲ. ಪಕ್ಕದೂರು ಕ್ಯಾಂಪ್‌ಬೆಲ್ಲಿನ ತನ್ನ ಮನೆಯಲ್ಲಿ ಅಡುಗೆಮನೆ ರಿಪೇರಿ ನಡೀತಿದೆ, ಕೆಲಸದವರ ಮೇಲೆ ಕಣ್ಣಿಡಬೇಕು, ಅದಕ್ಕೆ ಒಂದು ವಾರ ಮನೆಯಿಂದಲೇ ಕೆಲಸ ಅಂತ ಮ್ಯಾನೇಜರಿಗೆ ಹೇಳುವುದು. ಹಡಗಿನಲ್ಲಿ ಇಂಟರ್‌ನೆಟ್ ಇದೆ. ಸಾಂಟಾ ಕ್ಲಾರಾದಲ್ಲಿ ಬೆಳಿಗ್ಗೆ ಒಂಬತ್ತಾದಾಗ ಹಡಗಿನಲ್ಲಿ ಸಂಜೆ ಆರು. ಹಗಲೆಲ್ಲ ಊರು ನೋಡುವುದು, ಆರಕ್ಕೆ ಕ್ಯಾಬಿನ್ನಿನಲ್ಲಿ ಕೂತು ಆಫೀಸು. ಲ್ಯಾಪ್‌ಟಾಪು ಎಲ್ಲಿದೆ ಎಂದು ಯಾರಿಗೂ ಗೊತ್ತಾಗದಂತೆ ಅದಕ್ಕೂ ಏನೋ ಮಾಡಿಕೊಂಡಿದ್ದ. ವಿವರ ನಾನು ಕೇಳಲಿಲ್ಲ. ಮುಂದೆ ಯಾರಾದರೂ ಕೇಳಿದರೆ ಗೊತ್ತಿಲ್ಲ ಎನ್ನಲು ಅನುಕೂಲ.

"ಯಾರಾದ್ರೂ ಏನಾದ್ರೂ ಸದ್ದು ಕೇಳಿದ್ರೆ?" ಎಂದೆ.

"ಅಡುಗೆಮನೆ ರಿಪೇರಿ" ಎಂದ.

ಶನಿವಾರ ಹಡಗು ಹತ್ತಿದೆವು. ಸೋಮವಾರ ಸಂಜೆ ಮೊದಲ ಮೀಟಿಂಗಿನ ನಡುವೆ ಹಡಗು ಬಂದರು ಬಿಡುತ್ತ ಮೂರು ಸಲ ಹಾರನ್ ಹೊಡೆಯಿತು. ಕ್ಯಾಬಿನ್ನಿನ ಕನ್ನಡಿ ನಡುಗಿತು. ಆಫೀಸಿನ ಕಡೆಯಿಂದ ಒಬ್ಬ ಗಾಬರಿಯಾಗಿ ಕೇಳಿದ, ಏನದು?

"ಮಿಕ್ಸರ್ ಟೆಸ್ಟ್ ಮಾಡ್ತಿದಾರೆ" ಎಂದ ಗೆಳೆಯ.

ಹತ್ತೂ ಇಪ್ಪತ್ತು

ಕ್ಯಾಮೆರಾದಲ್ಲಿ ಹಡಗಿನ ಕ್ಯಾಬಿನ್ನು ಕಾಣಬಾರದಲ್ಲ. ಅದಕ್ಕೆ ಅವನು ಹೊರಡುವ ಮೊದಲೇ ತನ್ನ ಮನೆಯ ಹಾಲಿನ ಫೋಟೋ ತೆಗೆದುಕೊಂಡು, ಅದೇ ಬೆನ್ನ ಹಿಂದೆ ಕಾಣುವಂತೆ ಮಾಡಿಕೊಂಡಿದ್ದ. ಸೋಫಾ, ಟೀವಿ, ದೇವರ ಫೋಟೋ, ಗೋಡೆಗಡಿಯಾರ. ಎಲ್ಲ ಸರಿಯಾಗಿತ್ತು. ಗಡಿಯಾರದಲ್ಲಿ ಮಾತ್ರ ಯಾವಾಗಲೂ ಹತ್ತೂ ಇಪ್ಪತ್ತು.

ಎರಡನೇ ದಿನ ಮ್ಯಾನೇಜರ್ ಕೇಳಿದಳು, "ನಿನ್ನ ಗಡಿಯಾರ ನಿಂತಿದೆಯಾ?"

"ಬ್ಯಾಟರಿ ಹೋಗಿದೆ" ಎಂದ.

ಮೂರನೇ ದಿನ ಕೇಳಿದಳು, "ಇನ್ನೂ ಹಾಕಿಲ್ವಾ?"

ಅವತ್ತು ಮೀಟಿಂಗು ಮುಗಿದ ಮೇಲೆ ನನ್ನ ಹನ್ನೊಂದು ವರ್ಷದ ಮಗಳನ್ನು ಕೂರಿಸಿಕೊಂಡು ಫೋಟೋದಿಂದ ಗಡಿಯಾರ ಅಳಿಸಿದ. ಅವಳು ಐದು ನಿಮಿಷದಲ್ಲಿ ಅಳಿಸಿಕೊಟ್ಟು, "ಅಂಕಲ್, ದಿಸ್ ಈಸ್ ಲೈಯಿಂಗ್" ಎಂದಳು. "ಇಲ್ಲ ಪುಟ್ಟ, ಇದು ವರ್ಕ್ ಫ್ರಮ್ ಹೋಮು" ಎಂದ.

ಗಡಿಯಾರದ ಸಮಸ್ಯೆ ಮುಗಿಯಿತು. ಮರುದಿನ ಸಮುದ್ರ ಎದ್ದಿತು.

ಹಡಗು ದೊಡ್ಡದಾದ್ದರಿಂದ ತೊನೆದಾಟ ಅಷ್ಟಾಗಿ ತಿಳಿಯುವುದಿಲ್ಲ ಎಂದು ಟಿಕೆಟ್ ಮಾರುವವರು ಹೇಳಿರುತ್ತಾರೆ. ತಿಳಿಯುತ್ತದೆ. ಊಟಕ್ಕೆ ಮೊದಲು ನಾನು ಅವನ ಕ್ಯಾಬಿನ್ನಿನ ಬಾಗಿಲ ಬಳಿ ನಿಂತು ಮೀಟಿಂಗು ನೋಡುತ್ತಿದ್ದೆ. ಗೆಳೆಯ ಎಡಕ್ಕೆ ವಾಲಿದ. ಅವನ ಹಿಂದಿನ ಸೋಫಾ ವಾಲಲಿಲ್ಲ. ನೀರಿನ ಬಾಟಲಿ ಮೇಜಿನ ಈ ತುದಿಯಿಂದ ಆ ತುದಿಗೆ ಉರುಳಿ ಕೆಳಗೆ ಬಿತ್ತು. ಅವನು ಮೇಜನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಲಕ್ಕೆ ವಾಲಿದ. ಆಫೀಸಿನವರೆಲ್ಲ ಮಾತು ನಿಲ್ಲಿಸಿ ನೋಡುತ್ತಿದ್ದರು. ಏನಾದರೂ ಹೇಳಲೇಬೇಕಾಗಿತ್ತು. ಅಡುಗೆಮನೆ ರಿಪೇರಿಯಿಂದ ಮನುಷ್ಯ ವಾಲುವುದಿಲ್ಲ.

"ಭೂಕಂಪ!" ಎಂದ.

ಕ್ಯಾಂಪ್‌ಬೆಲ್ಲಿನಿಂದ ಸಾಂಟಾ ಕ್ಲಾರಾ ಎಷ್ಟು ದೂರ? ಫ್ರೀವೇ ಖಾಲಿಯಿದ್ದರೆ ಕಾಲು ಗಂಟೆ. ಆಗಾಗ ನೆಲ ನಡುಗುವ ಸೀಮೆ ಅದು. ಆಫೀಸಿನಲ್ಲಿದ್ದವರೆಲ್ಲ ಶಾಲೆಯಲ್ಲಿ ಕಲಿಸಿದಂತೆ ತಕ್ಷಣ ಮೇಜಿನ ಕೆಳಗೆ ಹೋದರು. ಪರದೆಯ ಮೇಲೆ ಖಾಲಿ ಕುರ್ಚಿಗಳು ಮಾತ್ರ ಉಳಿದವು. ಒಂದು ನಿಮಿಷದ ನಂತರ ಒಬ್ಬೊಬ್ಬರೇ ಎದ್ದು ಬಂದು ಫೋನಿನಲ್ಲಿ ನೋಡಿದರು. ಎಲ್ಲಿಯೂ ಭೂಕಂಪದ ಸುದ್ದಿಯಿಲ್ಲ. ಗೆಳೆಯನ ಹಣೆಯ ಮೇಲೆ ಬೆವರು ಕಾಣಿಸಿತು. ಈಗ ಮುಗಿಯಿತು ಎಂದುಕೊಂಡೆ.

ಆಗ ಮೂಲೆಯಲ್ಲಿದ್ದ ಒಬ್ಬ, "ನನಗೂ ಸ್ವಲ್ಪ ಗೊತ್ತಾಯಿತು" ಎಂದ. ಇನ್ನೊಬ್ಬಳು, "ನನ್ನ ಕಾಫಿ ಅಲ್ಲಾಡಿತು" ಎಂದಳು.

ಖಾಲಿ ಕುರ್ಚಿ

ಹಡಗಿನಲ್ಲಿ ಊಟಕ್ಕೆ ನಮ್ಮೆಲ್ಲರಿಗೂ ಒಂದೇ ಮೇಜು ಗೊತ್ತುಮಾಡಿದ್ದರು, ಸೋಮವಾರದಿಂದ, ಸಂಜೆ ಆರೂವರೆಗೆ. ಗೆಳೆಯ ಆ ಹೊತ್ತಿಗೆ ಕ್ಯಾಬಿನ್ನಿನಲ್ಲಿ ಚಿಪ್ಪಿನ ಬಗ್ಗೆ ಮಾತಾಡುತ್ತಿರುತ್ತಿದ್ದ. ಅವನ ಹೆಂಡತಿ ದಿನವೂ ಎರಡು ಮಕ್ಕಳೊಂದಿಗೆ ಬಂದು ಖಾಲಿ ಕುರ್ಚಿಯ ಪಕ್ಕದಲ್ಲಿ ಕೂರುತ್ತಿದ್ದಳು.

ಬಡಿಸುವವನು ವಯಸ್ಸಾದವನು, ಬಹಳ ಮರ್ಯಾದಸ್ಥ. ಮೊದಲ ದಿನ, "ಯಜಮಾನರು ಬರುತ್ತಾರಾ?" ಎಂದು ಕೇಳಿದ. ಅವಳು ಸಿಟ್ಟಿನಲ್ಲಿ, "ಇನ್ನು ಬರೋದಿಲ್ಲ ಬಿಡಿ" ಎಂದಳು. ಇಂಗ್ಲಿಷಿನಲ್ಲಿ ಹೇಳಿದಾಗ ಅದು ಇನ್ನೂ ಖಚಿತವಾಗಿ ಕೇಳಿಸಿತು. ಎರಡನೇ ದಿನ ಅವನು ಆ ಕುರ್ಚಿಯ ಮುಂದೆ ತಟ್ಟೆ ಇಡಲಿಲ್ಲ. ಮೂರನೇ ದಿನ ಅಲ್ಲೊಂದು ಬಿಳಿ ಹೂವು ಇಟ್ಟ. ಮಕ್ಕಳ ತಲೆ ಸವರಿದ. ಅವಳಿಗೆ ಮೆಲುದನಿಯಲ್ಲಿ, "ಇಂಥ ಸಮಯದಲ್ಲಿ ಪ್ರವಾಸ ಬಂದದ್ದು ಒಳ್ಳೆಯದಾಯಿತು" ಎಂದ. ಮೇಜಿಗೆ ಚಾಕೊಲೇಟ್ ಕೇಕು ಬಂತು. ನಾವು ಕೇಳಿರಲಿಲ್ಲ.

ನನ್ನ ಹೆಂಡತಿ ಹುಬ್ಬಳ್ಳಿಯವಳು, ಇಂಥದ್ದನ್ನು ತಡೆಯುವವಳಲ್ಲ. "ಅಯ್ಯ ನಮ್ಮವ್ವ, ಗಂಡ ಜೀವಂತ ಅದಾನ ಅಂತ ಹೇಳ!" ಎಂದಳು.

"ಹೇಳೋಣ ಬಿಡ್ರೀ, ಮಕ್ಕಳು ಕೇಕು ತಿಂದ್ಕೊಳ್ಳಲಿ" ಎಂದಳು ಗೆಳೆಯನ ಹೆಂಡತಿ.

ನಾಲ್ಕನೇ ದಿನ ಭೂಕಂಪದ ಮೀಟಿಂಗು ಬೇಗ ಮುಗಿದು ಗೆಳೆಯ ಊಟಕ್ಕೆ ಬಂದ. ನೇರವಾಗಿ ಆ ಕುರ್ಚಿಯಲ್ಲಿ ಕೂತು, ಹೂವನ್ನು ಪಕ್ಕಕ್ಕೆ ಸರಿಸಿ, ಮಗನ ತಟ್ಟೆಯಿಂದ ಬ್ರೆಡ್ಡು ಎತ್ತಿಕೊಂಡು, "ಏನೇ, ಊಟಕ್ಕೆ ಏನ್ ಹೇಳಿದೀಯ ನಂಗೆ?" ಎಂದ. ಬಡಿಸುವವನು ಟ್ರೇ ಹಿಡಿದು ದೂರದಲ್ಲೇ ನಿಂತ. ಅವಳ ಕಡೆ ನೋಡಿದ, ಇವನ ಕಡೆ ನೋಡಿದ. ಆಮೇಲೆ ನಮ್ಮ ಮೇಜಿಗೆ ಬೇರೆಯವನನ್ನು ಕಳಿಸಿದ.

ಅವತ್ತು ಕೇಕು ಬರಲಿಲ್ಲ. ಇಷ್ಟು ಬೇಗ ಇನ್ನೊಬ್ಬನನ್ನು ಕಟ್ಟಿಕೊಂಡವಳಿಗೆ ಯಾರು ಕೇಕು ಕೊಡುತ್ತಾರೆ?

ರೋಮ್

ಬಂದರಿನಿಂದ ರೋಮಿಗೆ ಬಸ್ಸಿನಲ್ಲಿ ಒಂದೂವರೆ ಗಂಟೆ. ರಾತ್ರಿ ಎರಡರವರೆಗೆ ಆಫೀಸು ಮಾಡಿದ್ದ ಗೆಳೆಯ ಬಸ್ಸಿನಲ್ಲಿ ಮಲಗಿದ. ಎರಡು ಸಾವಿರ ವರ್ಷದ ಅಖಾಡದ ಮುಂದೆ ಇಳಿಸಿದರು. ನಾವು ಒಳಗೆ ಹೋಗಿ, ಸುತ್ತಿ, ಮೆಟ್ಟಿಲು ಹತ್ತಿ, ಇಳಿದು ಬರುವಷ್ಟರಲ್ಲಿ ಅವನು ಹೊರಗೆ ನೆರಳಿನಲ್ಲಿದ್ದ ಒಂದು ಕಲ್ಲಿನ ಮೇಲೆ ಕೂತು ತೂಕಡಿಸುತ್ತಿದ್ದ. ಪ್ರವಾಸಿಗರು ಅವನನ್ನೂ ಸೇರಿಸಿ ಫೋಟೋ ತೆಗೆಯುತ್ತಿದ್ದರು.

ವಾಪಸು ಬರುವಾಗ ನನ್ನ ಹೆಂಡತಿ ಕೇಳಿದಳು, "ಹೆಂಗಿತ್ರೀ ರೋಮು?"

"ತಣ್ಣಗಿತ್ತು" ಎಂದ.

ಭಾವಮೈದುನ

ನನ್ನದೂ ಒಂದು ತಪ್ಪಾಯಿತು. ನೇಪಲ್ಸಿನಿಂದ ಹೊರಟ ಸಂಜೆ ಈಜುಕೊಳದಿಂದ ಬಂದವನು, ಫೋನಿನ ಚಾರ್ಜರ್ ಕೇಳಲು ಅವನ ಕ್ಯಾಬಿನ್ನಿಗೆ ನುಗ್ಗಿದೆ. ಮೀಟಿಂಗು ನಡೆಯುತ್ತಿತ್ತು. ನಾನು ಅವನ ಬೆನ್ನ ಹಿಂದೆ ಹಾದುಹೋದೆ. ಪರದೆಯ ಮೇಲೆ ಕ್ಯಾಂಪ್‌ಬೆಲ್ಲಿನ ಸೋಫಾದ ಮೇಲಿಂದ ನನ್ನ ಒದ್ದೆ ತಲೆಯೊಂದೇ ತೇಲಿಹೋಯಿತು.

ನೆನಪಿರಲಿ, ನಾನು ಅಧಿಕೃತವಾಗಿ ಮೆಡಿಟರೇನಿಯನ್ನಿನಲ್ಲಿದ್ದೆ. ಅವನು ಅಧಿಕೃತವಾಗಿ ಕ್ಯಾಂಪ್‌ಬೆಲ್ಲಿನಲ್ಲಿದ್ದ.

ಆರು ವರ್ಷ ನನ್ನ ಜೊತೆ ಕೆಲಸ ಮಾಡಿದ ಮ್ಯಾನೇಜರ್ ಕಣ್ಣು ಕಿರಿದು ಮಾಡಿ, "ಅದು ಯಾರು?" ಎಂದಳು. ನಾನು ಮಂಚದ ಪಕ್ಕ ನೆಲಕ್ಕೆ ಕೂತೆ.

"ನನ್ನ ಭಾವಮೈದುನ" ಎಂದ ಗೆಳೆಯ.

"ಹೌದಾ? ಒಂದು ಕ್ಷಣ ನಾನು ನಿನ್ನ ಪಕ್ಕದ ಕುರ್ಚಿಯವನೇ ಅಂದುಕೊಂಡೆ" ಎಂದಳು. ಆಮೇಲೆ ಹೀಗೆ ಹೇಳಿದ್ದು ತಪ್ಪಾಯಿತು, ಭಾರತೀಯರೆಲ್ಲ ಒಂದೇ ಥರ ಕಾಣುತ್ತಾರೆ ಎಂಬ ಅರ್ಥದಲ್ಲಿ ಹೇಳಲಿಲ್ಲ, ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡ ಎಂದು ಐದು ನಿಮಿಷ ಕ್ಷಮೆ ಕೇಳಿದಳು.

ಗೆಳೆಯ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ.

ಹದಿನೈದು ನಿಮಿಷ

ಕೊನೆಯ ದಿನ ಶುಕ್ರವಾರ. ಸಂಜೆ ನಾಲ್ಕೂವರೆಗೆ ಹಡಗಿನ ಮೇಲಂತಸ್ತಿನಲ್ಲಿ ಕೂತಿದ್ದೆವು. ಗೆಳೆಯನ ಫೋನು ಟಿಂಗ್ ಎಂದಿತು. ನೋಡಿದವನೇ ನನ್ನ ಕೈಗೆ ಕೊಟ್ಟ. ಮ್ಯಾನೇಜರಿನಿಂದ ಮೀಟಿಂಗು, ಸಂಜೆ ಆರಕ್ಕೆ. ಹದಿನೈದು ನಿಮಿಷ. ವಿಷಯ ಬರೆದಿಲ್ಲ. ಎಚ್ಆರ್‌ನವರೂ ಸೇರುತ್ತಾರೆ.

ಸಾಂಟಾ ಕ್ಲಾರಾ ಸುತ್ತಿನ ಬೇ ಏರಿಯಾದಲ್ಲಿ ಕೆಲಸ ಮಾಡುವ ಯಾರಿಗಾದರೂ ಇದರ ಅರ್ಥ ಗೊತ್ತು. ಹದಿನೈದು ನಿಮಿಷ, ವಿಷಯವಿಲ್ಲ, ಜೊತೆಗೆ ಎಚ್ಆರ್. ಇದಕ್ಕಿಂತ ಸ್ಪಷ್ಟವಾಗಿ ಬರೆಯಲು ಸಾಧ್ಯವಿಲ್ಲ. ನಾನು ನಗಲಿಲ್ಲ. ಫೋನು ಅವನ ಕೈಗೆ ವಾಪಸ್ ಕೊಟ್ಟೆ.

"ಗೊತ್ತಾಗೋಯ್ತು ಕಣೋ" ಎಂದ. "ಹಡಗು ಹತ್ತಲೇಬಾರದಿತ್ತು."

ಅವನ ಹೆಂಡತಿ ಪೂರ್ವ ಯಾವ ಕಡೆ ಎಂದು ನನ್ನ ಮಗಳನ್ನು ಕೇಳಿ ತಿಳಿದುಕೊಂಡು, ಸಮುದ್ರದ ಕಡೆ ತಿರುಗಿ ಕೈಮುಗಿದು, ಸಾಂಟಾ ಕ್ಲಾರಾ ಕಡೆಯ ಲಿವರ್‌ಮೋರ್ ದೇವಸ್ಥಾನಕ್ಕೆ ಹರಕೆ ಹೊತ್ತಳು. ಕೆಲಸ ಉಳಿದರೆ ಗಂಡನ ಕೈಲಿ ನೂರೆಂಟು ಪ್ರದಕ್ಷಿಣೆ ಹಾಕಿಸುತ್ತೇನೆ.

"ಲಿವರ್‌ಮೋರ್ ಪಶ್ಚಿಮಕ್ಕೈತಲ್ಲ ಇಲ್ಲಿಂದ?" ಎಂದಳು ನನ್ನ ಹೆಂಡತಿ, ಮೆಲ್ಲಗೆ.

"ಸುತ್ತಿಕೊಂಡು ಹೋಗುತ್ತೆ ಬಿಡು" ಎಂದೆ.

ಆರಕ್ಕೆ ಐದು ನಿಮಿಷವಿದ್ದಾಗ ಗೆಳೆಯ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡ. ಕೆಳಗೆ ಚಡ್ಡಿ. ಅವನ ಹೆಂಡತಿ ಮಕ್ಕಳನ್ನು ಹೊರಗೆ ಕಳಿಸಿ ಮಂಚದ ತುದಿಯಲ್ಲಿ ಕೂತಳು, ನಾನು ಈ ತುದಿಯಲ್ಲಿ, ಕ್ಯಾಮೆರಾಕ್ಕೆ ಸಿಗದಂತೆ. ಮ್ಯಾನೇಜರ್ ಬಂದಳು. ಎಚ್ಆರ್‌ನವನೂ ಬಂದ. ಇಬ್ಬರ ಮುಖವೂ ಗಂಭೀರ.

"ನಿನ್ನ ದಾಖಲೆ ನೋಡುತ್ತಿದ್ದೆವು" ಎಂದ ಎಚ್ಆರ್‌ನವನು.

ಗೆಳೆಯ ಶರ್ಟಿನ ಕಾಲರ್ ಸರಿಮಾಡಿಕೊಂಡ.

"ಎರಡು ವರ್ಷದಿಂದ ನೀನು ಒಂದೇ ಒಂದು ದಿನವೂ ರಜೆ ತೆಗೆದುಕೊಂಡಿಲ್ಲ. ಕೂಡಿಡಬಹುದಾದ ರಜೆ ಮಿತಿ ಮುಟ್ಟಿದೆ. ಇದು ನಿನ್ನ ಆರೋಗ್ಯಕ್ಕೂ ಒಳ್ಳೆಯದಲ್ಲ, ನಮ್ಮ ಲೆಕ್ಕಕ್ಕೂ ಒಳ್ಳೆಯದಲ್ಲ. ಸೋಮವಾರದಿಂದ ಇಡೀ ವಾರ ರಜೆ."

"ಇಡೀ ವಾರಾನಾ?" ಗೆಳೆಯನ ದನಿ ಬಿದ್ದುಹೋಗಿತ್ತು. "ಬೇಡ, ಪ್ಲೀಸ್. ನನಗೆ ತುಂಬಾ ಕೆಲಸ ಇದೆ."

"ಲ್ಯಾಪ್‌ಟಾಪು ಮುಟ್ಟುವಂತಿಲ್ಲ" ಎಂದಳು ಮ್ಯಾನೇಜರ್. "ಇದು ಕೇಳಿಕೆಯಲ್ಲ, ಆದೇಶ. ಹೇಗೂ ಮನೆಯಲ್ಲಿ ರಿಪೇರಿ, ಧೂಳು. ಎಲ್ಲಾದರೂ ಹೋಗು. ಬದುಕೋದು ಹೇಗೆ ಅಂತ ನಿನ್ನ ಪಕ್ಕದ ಕುರ್ಚಿಯವನನ್ನು ನೋಡಿ ಕಲಿ. ಅವನು ಈಗ ಎಲ್ಲಿದ್ದಾನೆ ಗೊತ್ತಾ?"

ನಾನು ಒಂದು ಮೊಳ ದೂರದಲ್ಲಿ ದಿಂಬನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದೆ.

"ಗೊತ್ತು" ಎಂದ ಗೆಳೆಯ, ಅಳು ಬಂದವನಂತೆ. "ಹಡಗಿನಲ್ಲಿ."

ಪರದೆ ಆರಿತು. ಅವನ ಹೆಂಡತಿ ಎದ್ದು ಅವನ ತಲೆಗೆ ಒಂದು ಮೊಟಕಿ, ಆಮೇಲೆ ಅತ್ತಳು. ಅವನು ಕುರ್ಚಿಯಲ್ಲಿ ಹಾಗೇ ಕೂತಿದ್ದ. ಕೆಲಸ ಉಳಿದದ್ದಕ್ಕೆ ಸಂತೋಷಪಡಬೇಕೋ, ಅಧಿಕೃತವಾಗಿ ಇಡೀ ವಾರ ರಜೆ ಬಿದ್ದದ್ದಕ್ಕೆ ಹೆದರಬೇಕೋ ಅವನಿಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ ಹೆದರುವುದನ್ನೇ ಆರಿಸಿಕೊಂಡ. "ರಜೆ ಮೇಲೆ ಕಳಿಸಿ ತೆಗೀತಾರೆ ಕಣೋ, ಅದೇ ಅವರ ಪ್ಲಾನು" ಎಂದ.

ಸೋಮವಾರ ನಾನು ಆಫೀಸಿಗೆ ಹೋದೆ. ಅವನು ಕ್ಯಾಂಪ್‌ಬೆಲ್ಲಿನಲ್ಲಿ, ನಿಜವಾದ ಸೋಫಾದ ಮೇಲೆ ಕೂತು, ಗಂಟೆಗೊಂದು ಸಲ ನನಗೆ ಫೋನ್ ಮಾಡಿ ಪಟ್ಟಿ ಬಂತಾ ಎಂದು ಕೇಳಿದ. ಮಂಗಳವಾರವೂ ಕೇಳಿದ. ಬುಧವಾರ ಬೆಳಿಗ್ಗೆ ಹತ್ತಕ್ಕೆ ಪಟ್ಟಿ ಬಂತು.

ನಮ್ಮ ವಿಭಾಗದಲ್ಲಿ ಐದು ಹೆಸರುಗಳಿದ್ದವು, ಗೆಳೆಯನದು ಇರಲಿಲ್ಲ. ಐವರೂ ಆ ವರ್ಷ ಒಂದು ದಿನವೂ ರಜೆ ಹಾಕಿರಲಿಲ್ಲ.